ಎರಡು ಗುಂಡಿ, ಒಂದು ಕುರ್ಚಿ

ಆ ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲವೇ ಇಲ್ಲ. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಮೈಕಕ್ಕ. ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಸಾರುವುದು ಅವಳ ಕೆಲಸ. ಸಾರುವುದೆಂದರೆ ಬರೀ ಕೂಗುವುದಲ್ಲ, ಓಡಿ ಬಂದವರ ಏದುಸಿರು ಇಳಿಯುವಂತೆ ಹೇಳಬೇಕು. ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ, ಮತ್ತು ಅದು ತನಗೆ ಬರುತ್ತದೆಂದು ಮೈಕಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಕೈಕೊಟ್ಟದ್ದು ಕಣ್ಣು. ಎದುರಿಗೆ ನಿಂತವರ ಕಿವಿ, ಭುಜ ಕಾಣುತ್ತಿದ್ದವು, ಮುಖ ಇರಬೇಕಾದಲ್ಲಿ ಬರೀ ಬೂದು ಮಸುಕು. ಅಕ್ಷರಗಳಂತೂ ಪೂರ್ತಿ ಕರಗಿಹೋದವು. ಹಾಗಾಗಿ ಡಿಪೋದಿಂದ ಆಫೀಸಿನ ಫೋನಿಗೆ ಬರುವ ಮೆಸೇಜುಗಳನ್ನು ಗುಮಾಸ್ತ ಓದಬೇಕು, ಇವಳು ಸಾರಬೇಕು. ಗುಮಾಸ್ತ ಒಳ್ಳೆಯವನೇ, ಆದರೆ ಅವನಿಗೆ ಚಹಾದ ಚಟ, ಚಹಾ ಸಿಕ್ಕರೆ ಮಾತಿನ ಚಟ. ಅವನು ಕೆಳಗಿಳಿದನೆಂದರೆ ಬಸ್ಸು ಹೊರಟುಹೋದ ಮೇಲೆ ಅದು ಬರುವ ಸುದ್ದಿ. ಹೀಗೆ ಬಸ್ ತಪ್ಪಿಸಿಕೊಂಡವರು ಮೇಲ್ವಿಚಾರಕರ ಬಾಗಿಲಿಗೆ ಹೋಗಿ ಕೂಗಾಡಿದರು. ಮಾಡಿದ್ದು ಯಾರೋ, ಬೈಗುಳ ತಿಂದದ್ದು ಮೈಕಕ್ಕ.

"ಹೀಗೇ ಆದ್ರೆ ನಿಮ್ಮನ್ನ ಕೆಳಗೆ, ಕಳೆದುಹೋದ ಸಾಮಾನಿನ ಕೌಂಟರಿಗೆ ಹಾಕ್ಬೇಕಾಗುತ್ತಮ್ಮ," ಎಂದರು ಮೇಲ್ವಿಚಾರಕರು.

ಯಾರದೋ ಕೊಡೆ, ಯಾರದೋ ಡಬ್ಬಿ ಕಾಯುತ್ತಾ ಬಾಯಿ ಮುಚ್ಚಿಕೊಂಡು ಕೂರುವುದು! ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು.

ಅವಳ ತಂಗಿಗೆ ಮೊಬೈಲ್ ಅಂಗಡಿಯಲ್ಲಿ ಕೆಲಸ. ಸುದ್ದಿ ಕೇಳಿದವಳೇ ಒಂದು ಮಧ್ಯಾಹ್ನ ಗಾಜಿನ ಕೋಣೆಗೆ ಬಂದು, ಆಫೀಸಿನ ಫೋನ್ ಹಿಡಿದು ಏನೇನೋ ಒತ್ತಿದಳು.

"ಅಕ್ಕಾ, ಈ ಫೋನಿಗೂ ಬಾಯಿದೆ ಕಣೇ. ದನಿ ಏರಿಸೋ ಗುಂಡಿ, ಇಳಿಸೋ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡ್ಕೋ. ಬಿಡಬೇಡ."

ಹಿಡಿದಳು. ಫೋನು ಅಂಗೈಯಲ್ಲಿ ಗುರ್ರೆಂದು ನಡುಗಿ, ಪರದೆಯ ಮೇಲಿದ್ದುದನ್ನು ಓದತೊಡಗಿತು. ಬೆರಳು ಎಲ್ಲಿ ಮುಟ್ಟಿದರೆ ಅಲ್ಲಿಯದನ್ನು ಹೇಳುತ್ತಿತ್ತು.

"ಸೆಟ್ಟಿಂಗಲ್ಲಿ ಆಗ್ಬೇಕಾದ್ದು ಮಾಡಿದ್ದೀನಿ. ಇನ್ಮೇಲೆ ಯಾರ ಕೈನೂ ಕಾಯ್ಬೇಡ. ಗುಮಾಸ್ತಣ್ಣನಿಗೆ ಕೊಡೋವಾಗ ಅವೇ ಗುಂಡಿ ಒತ್ತು, ಬಾಯಿ ಮುಚ್ಕೊಳ್ಳುತ್ತೆ."

"ನಿನಗೂ ಇಂಥ ಗುಂಡಿ ಇದ್ದಿದ್ರೆ ಅಮ್ಮ ಎಷ್ಟು ಸುಖಪಡ್ತಿದ್ಲು," ಎಂದಳು ಮೈಕಕ್ಕ. 

ಯಾರಿಗೂ ಹೇಳಲಿಲ್ಲ. ಅರೆಬರೆ ಕಲಿತು ನಗೆಪಾಟಲಾಗುವುದು ಅವಳ ಜಾಯಮಾನವಲ್ಲ. ಗುಮಾಸ್ತ ಚಹಾಕ್ಕೆ ಹೋದಾಗಲೆಲ್ಲ ಗುಂಡಿ ಒತ್ತಿ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಫೋನು ಹೇಳಿದ್ದನ್ನು ಅರ್ಧ ವಾಕ್ಯ ಹಿಂದಿದ್ದುಕೊಂಡು ಮೈಕಿನಲ್ಲಿ ಹೇಳುವುದನ್ನು ರೂಢಿಸಿಕೊಂಡಳು. ಮೊದಲ ದಿನ, "ಬಸ್ಸು ಏಳನೇ ಪ್ಲಾಟ್‌ಫಾರಮ್ಮಿಗೆ ಬರಲಿದೆ, ಬ್ಯಾಟರಿ ಕಡಿಮೆ ಇದೆ" ಎಂದು ಇಡೀ ನಿಲ್ದಾಣಕ್ಕೆ ಸಾರಿಬಿಟ್ಟಳು. ಡ್ರೈವರೊಬ್ಬ ಇಳಿದು ಬಂದು ಬಸ್ಸಿನ ಬ್ಯಾಟರಿ ತೆಗೆದು ನೋಡಿದನಂತೆ! ಅಲ್ಲಿಂದ ಮುಂದೆ ಕಿವಿಗೂ ನಾಲಿಗೆಗೂ ನಡುವೆ ಒಂದು ಜರಡಿ ಇಟ್ಟುಕೊಂಡಳು.

ರಜೆಯ ಮುಂಚಿನ ಸಂಜೆ. ಕೆಳಗೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಗುಮಾಸ್ತ ವಾಡಿಕೆಯಂತೆ ಚಹಾಕ್ಕೆ ಹೋಗಿದ್ದ. ಮೈಕಕ್ಕ ಗುಂಡಿ ಒತ್ತಿದಳು, ಡಿಪೋದ ಮೆಸೇಜು ತೆರೆದು ಶುರು ಮಾಡಿದಳು.

"ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರಮ್ಮಿನ ಬದಲು..."

ಕಿವಿಯಲ್ಲಿ ಫೋನು 'ಒಂಬತ್ತು' ಎಂದಿತು. ಬೆನ್ನಿಗೇ ಹೊಸ ಮೆಸೇಜು ಬಂತು, ಫೋನು ಅದನ್ನೂ ಓದಿತು. ಮೇಲ್ವಿಚಾರಕರದ್ದು, ಗುಮಾಸ್ತನಿಗೆ: 'ಮೈಕಿನ ಅಮ್ಮನ್ನ ನಾಳೆಯಿಂದ ಕೌಂಟರಿಗೆ ಹಾಕ್ತಿದ್ದೀನಿ. ಈಗಲೇ ಹೇಳ್ಬೇಡ, ಅತ್ತುಬಿಡ್ತಾಳೆ. ಪಾಪ.'

ಹೇಗಿದ್ದರೂ ಇವಳಿಗೆ ಓದಲಾಗದಲ್ಲ ಎಂಬ ಧೈರ್ಯದಲ್ಲಿ ಅವರು ಅದನ್ನು ಇವಳ ಕೈಯಲ್ಲಿದ್ದ ಫೋನಿಗೇ ಕಳಿಸಿದ್ದರು. ಆ 'ಪಾಪ' ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"...ಒಂಬತ್ತನೇ ಪ್ಲಾಟ್‌ಫಾರಮ್ಮಿನಿಂದ ಹೊರಡಲಿದೆ. ಗಡಿಬಿಡಿ ಬೇಡ, ಸಮಯವಿದೆ."

ಒಂದು ಉಸಿರು ತೆಗೆದುಕೊಂಡಳು. ದನಿ ಅಲುಗಲಿಲ್ಲ.

"ಮೇಲ್ವಿಚಾರಕರ ಗಮನಕ್ಕೆ. ದಯವಿಟ್ಟು ಕೂಡಲೇ ಪ್ರಕಟಣೆ ಕೋಣೆಗೆ ಬರಬೇಕು."

ಅವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಹಿಂದೆಯೇ ಗುಮಾಸ್ತ, ಕೈಯಲ್ಲಿ ಚಹಾ ಕಪ್ಪು. ಮೈಕಕ್ಕ ಮೈಕನ್ನು ಆರಿಸಿ, ಅದೇ ಸಾರುವ ದನಿಯಲ್ಲಿ ಅವರ ಮೆಸೇಜನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು, 'ಪಾಪ'ವನ್ನೂ ಸೇರಿಸಿ.

"ಯಾರು ಓದಿ ಹೇಳಿದ್ದು?" ಅವರು ಗುಮಾಸ್ತನ ಕಡೆ ತಿರುಗಿದರು.

"ನಾನಲ್ಲ ಸರ್, ದೇವರಾಣೆ!"

"ನಾನೇ ಓದಿದೆ ಸರ್. ಆಗ ಒಂಬತ್ತನೇ ಪ್ಲಾಟ್‌ಫಾರಂ ಅಂತ ಹೇಳಿದ್ದೂ ನಾನೇ ಓದಿ." ಗುಂಡಿಗಳನ್ನು ಒತ್ತಿ ಫೋನಿನ ಬಾಯಿ ಮುಚ್ಚಿಸಿದಳು, ಇಯರ್‌ಫೋನ್ ಕಿತ್ತು ಮತ್ತೆ ಒತ್ತಿದಳು. ಫೋನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟಿತು. "ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡಿ. ಈ ಕುರ್ಚಿ ಖಾಲಿಯಿಲ್ಲ."

ಮೇಲ್ವಿಚಾರಕರು ಗಾಜಿನಾಚೆ ನೋಡಿದರು. ಜನ ಸಾಲಾಗಿ ಒಂಬತ್ತರ ಕಡೆಗೇ ಹೋಗುತ್ತಿದ್ದರು. ಅವರು ಕೆಮ್ಮಿದರು.

"ಆಯ್ತಮ್ಮ. ನೀವೇ ಇರಿ ಇಲ್ಲಿ." ಬಾಗಿಲವರೆಗೆ ಹೋದವರು ದನಿ ತಗ್ಗಿಸಿ ಕೇಳಿದರು, "ಆ ಮೆಸೇಜೊಂದು ಅಳಿಸಿಬಿಡ್ತೀರಾ?"

"ಓದೋದಷ್ಟೇ ಕಲಿತಿದ್ದೀನಿ ಸರ್," ಎಂದಳು ಮೈಕಕ್ಕ. "ಅಳಿಸೋದು ಇನ್ನೂ ಕಲಿತಿಲ್ಲ."