ಮೈಲನ ಬೆನ್ನಿನ ಸುಳಿ

ಸಂಕ್ರಾಂತಿ ಹತ್ತಿರ ಬಂತೆಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಎತ್ತು ಕಟ್ಟಿರುವ ಮನೆಮನೆಗೂ ಹೋಗಿ ಒಂದೇ ಮಾತು ಹೇಳಿ ಬರುತ್ತೇನೆ. ‘ಬಂದ ನೋಡು ಕೊಂಬಿನ ಸೊಣ್ಣಪ್ಪ’ ಎಂದು ನಗುವವರು ನಗಲಿ. ಆ ಮಾತು ಏನು, ಯಾಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಕೂತು ಕೇಳಿ.

ದೇವರಾಯಸಮುದ್ರದ ಹತ್ತಿರ ನಮ್ಮ ಹಳ್ಳಿ. ಊರಿನ ರೈತರೇ ಸೇರಿ ಕಟ್ಟಿಕೊಂಡ ದನಗಳ ವಿಮಾ ಸಂಘಕ್ಕೆ ನಾನು ಕಾರ್ಯದರ್ಶಿ. ವಿಮೆ ಅಂದರೆ ದೊಡ್ಡ ವಿದ್ಯೆ ಏನಲ್ಲ. ಎಲ್ಲರೂ ವರ್ಷಕ್ಕೆ ಇಷ್ಟು ಎಂದು ಹಾಕುತ್ತೇವೆ. ಯಾರ ಎತ್ತು ಕಾಯಿಲೆ ಬಿದ್ದು ಸತ್ತರೂ ಆ ಗಂಟಿನಿಂದ ಅವರಿಗೆ ಪರಿಹಾರ ಕೊಡುತ್ತೇವೆ.

ಸಂಘ ಶುರುವಾದದ್ದು ಮೂವತ್ತೆಂಟನೇ ಇಸವಿಯಲ್ಲಿ. ಆಗ ಎಲ್ಲರಿಗಿಂತ ಹೆಚ್ಚು ಮುಖ ತಿರುಗಿಸಿದವನು ನಮ್ಮ ಪಕ್ಕದ ಮನೆಯ ಚನ್ನರಾಯಪ್ಪ. ಅವನಿಗೆ ಇದ್ದದ್ದು ಒಂದೇ ಜೊತೆ ಎತ್ತು, ಕರಿಯ ಮತ್ತು ಮೈಲ. ಕಪಿಲೆ ಎಳೆದು ಬಾವಿಯಿಂದ ನೀರೆತ್ತುತ್ತಿದ್ದದ್ದು ಆ ಜೊತೆಯೇ. ಆ ನೀರಿನಿಂದ ಹಿಪ್ಪುನೇರಳೆ ತೋಟ, ಆ ಸೊಪ್ಪಿನಿಂದ ರೇಷ್ಮೆ ಹುಳು, ಹುಳುವಿನಿಂದ ಮನೆಯ ಊಟ. ಒಂದು ಎತ್ತು ಹೋದರೆ ಕಪಿಲೆ ನಿಂತಂತೆಯೇ.

“ಎತ್ತು ಬದುಕಿರೋವಾಗ್ಲೇ, ಸತ್ರೆ ಎಷ್ಟು ಕೊಡ್ತೀರ ಅಂತ ಕೇಳೋದಾ? ನನ್ನ ಬಾಯಲ್ಲಿ ಅಂಥ ಮಾತು ಬರಲ್ಲ ಕಣೋ ಸೊಣ್ಣಪ್ಪ,” ಎಂದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೈದು ಎದ್ದು ಬರುವವನಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ದೊಡ್ಡಮುನಿಯಮ್ಮ ಒಳಗಿನಿಂದ ಬಂದು, ದುಡ್ಡು ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂದು ಒಂದೊಂದಾಗಿ ಕೇಳಿದಳು. ನಾನೂ ತಣ್ಣಗಾಗಿ ಹೇಳಿದೆ. ಸಂಘದ ಮೂವರು ನೋಡಿ ಎತ್ತಿಗೆ ಬೆಲೆ ಕಟ್ಟುತ್ತಾರೆ. ಸತ್ತರೆ ಅದರ ಮುಕ್ಕಾಲು ಪಾಲು ಸಿಗುತ್ತದೆ, ಪೂರ್ತಿ ಅಲ್ಲ. ಪೂರ್ತಿ ಕೊಟ್ಟರೆ ಕೆಲವರು ಮೈಮರೆತು ಎತ್ತನ್ನು ನೋಡಿಕೊಳ್ಳುವುದನ್ನೇ ಬಿಟ್ಟಾರು. ಸೇರುವಾಗಲೇ ಇದ್ದ ಕಾಯಿಲೆಗೆ ಕೊಡುವುದಿಲ್ಲ. ಸೇರಿ ಮೂರು ವಾರದೊಳಗೆ ಬಂದ ಕಾಯಿಲೆಗೂ ಇಲ್ಲ. ಕಾಯಿಲೆ ಕಂಡ ದಿನವೇ ತಿಳಿಸಬೇಕು. ಸತ್ತರೆ ನಾವು ಬಂದು ನೋಡುವವರೆಗೂ ಹೂಳಬಾರದು. ಕಂತು ತಪ್ಪಿದರೆ ಏನೂ ಸಿಗುವುದಿಲ್ಲ.

ಎಲ್ಲ ಕೇಳಿಸಿಕೊಂಡು ಅವಳು ಗಂಡನ ಕಡೆ ತಿರುಗಿದಳು. “ಅದು ಸಾಯ್ಲಿ ಅಂತ ಕಟ್ಟೋದಲ್ಲ. ನಾಳೆ ಏನಾದ್ರೂ ಆದ್ರೆ ನಾವು ಬೀದಿಗೆ ಬೀಳಬಾರ್ದು ಅಂತ,” ಎಂದಳು. ಚನ್ನರಾಯಪ್ಪ ಗೊಣಗುತ್ತಲೇ ಒಪ್ಪಿದ.

ಕಾರ್ತಿಕದಲ್ಲಿ ಎತ್ತುಗಳನ್ನು ನೋಡಲು ಹೋದೆವು. ಮೈಲನ ಸರದಿ ಬಂದಾಗ ಚನ್ನರಾಯಪ್ಪ ಅದರ ಬೆನ್ನಿಗೆ ಒರಗಿ ನಿಂತವನು ಅಲ್ಲಾಡಲೇ ಇಲ್ಲ. ದೊಡ್ಡಮುನಿಯಮ್ಮ ಅವನ ಕೈ ಸರಿಸಿ, ಅವನು ಎಣ್ಣೆ ಹಚ್ಚಿ ಬಾಚಿದ್ದ ಕೂದಲನ್ನು ಬಿಡಿಸಿದಳು. ಬಾಲದ ಕಡೆಗೆ, ಎರಡು ಬೆರಳಗಲದ ಸುಳಿ, ಎಡಕ್ಕೆ ತಿರುಗಿದ್ದು. ಅಂಥ ಸುಳಿಯ ಎತ್ತು ಮನೆಗೆ ಆಗಿಬರುವುದಿಲ್ಲ ಎಂದು ನಮ್ಮೂರಲ್ಲಿ ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಶ್ರೀನಿವಾಸಪುರದ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತ್ತು. ನಾಲ್ಕು ವರ್ಷದಿಂದ ದಿನಾ ಹರಳೆಣ್ಣೆ ಸವರಿ ಊರಿನ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿದ್ದ, ಪಾಪ. ಬರೆದರೆ ಬೆಲೆ ಇಳಿಯುತ್ತದೆ, ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ.

“ಇರೋದನ್ನ ಇದ್ದ ಹಾಗೇ ಬರ್ಕೊಳ್ಳಿ ಅಣ್ಣ,” ಎಂದಳು.

ಬರೆದುಕೊಂಡೆ. ಐವತ್ತು ರೂಪಾಯಿ ಆಗಬೇಕಿದ್ದ ಬೆಲೆ ನಲವತ್ತೆಂಟಾಯಿತು. ಚನ್ನರಾಯಪ್ಪ ಮುಖ ಗಂಟುಹಾಕಿಕೊಂಡ. ಆಮೇಲೆ ಕಾಯಿಸಿದ ಕಬ್ಬಿಣದಿಂದ ಮೈಲನ ಬಲಗೊಂಬಿನ ಮೇಲೆ ಹದಿನೇಳು ಎಂಬ ನಂಬರು ಒತ್ತಿದೆವು.

ಸಂಕ್ರಾಂತಿ ಬಂತು. ಎತ್ತುಗಳ ಮೈ ತೊಳೆದು, ಕೊಂಬು ಹೆರೆಸಿ, ಬಣ್ಣ ಬಳಿದು, ಕಿಚ್ಚು ಹಾಯಿಸಿದೆವು. ಮೈಲನನ್ನು ನೋಡಿ ಮದುವೆ ಗಂಡಿನ ಹಾಗಿದ್ದಾನೆ ಎಂದು ನಾನೇ ಹೊಗಳಿದ್ದೆ. ಕೊಂಬಿನ ಜೊತೆ ನಂಬರನ್ನೂ ಹೆರೆದುಹಾಕಿದ್ದಾರೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಆಷಾಢದಲ್ಲಿ ಒಂದು ಬೆಳಿಗ್ಗೆ ಮೈಲನ ಗಂಟಲು ಊದಿಕೊಂಡಿತು. ದೊಡ್ಡಮುನಿಯಮ್ಮ ಆಗಲೇ ಓಡಿ ಬಂದು ತಿಳಿಸಿದಳು. ಮುಳಬಾಗಿಲಿಗೆ ಆಳು ಕಳಿಸಿದೆ. ದನದ ಡಾಕ್ಟರು ಕೋದಂಡರಾಮಪ್ಪನವರು ಬಂದು ಗಳಲೆ ರೋಗ ಎಂದರು, ಸೂಜಿ ಹಾಕಿದರು, ರಾತ್ರಿ ಇಲ್ಲೇ ಉಳಿದರು. ಮಾರನೆಯ ದಿನ ಮಧ್ಯಾಹ್ನ ಮೈಲ ಪ್ರಾಣ ಬಿಟ್ಟಿತು. ಚನ್ನರಾಯಪ್ಪ ಅದರ ತಲೆಯ ಹತ್ತಿರ ಕೂತು ಮಗುವಿನ ಹಾಗೆ ಅತ್ತ. ನನ್ನ ಕಣ್ಣಲ್ಲೂ ನೀರು ಬಂತು.

ರೋಗ ಹರಡುತ್ತದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ ಎಂದ ಡಾಕ್ಟರು, ಹೂಳುವ ಮುಂಚೆ ಸಂಘದ ಕಾಗದ ಬರೆಯಲು ಕೂತರು. ಕೊಂಬು ನೋಡಿದರು. ನಯವಾಗಿ ಹೊಳೆಯುತ್ತಿತ್ತು.

“ನಂಬರಿಲ್ಲ. ಇದೇ ವಿಮೆ ಮಾಡಿಸಿದ ಎತ್ತು ಅಂತ ನಾನು ಹೇಗಪ್ಪ ಬರೆದುಕೊಡಲಿ?” ಎಂದರು.

ಅವರ ಮಾತು ನ್ಯಾಯವೇ. ಸತ್ತ ಎತ್ತನ್ನೆಲ್ಲ ತಂದು ತೋರಿಸಿದರೆ ಗಂಟು ಯಾರಿಗೆ ಸಾಕಾದೀತು? ಆದರೆ ತಪ್ಪು ನನ್ನದೂ ಇತ್ತು. ನಿಯಮವನ್ನೆಲ್ಲ ಓದಿ ಹೇಳಿದ ನಾನು ನಂಬರು ಹೆರೆಸಬೇಡಿ ಎಂಬ ಒಂದು ಮಾತು ಹೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಸಂಘದ ಪುಸ್ತಕ ತಂದು ಹದಿನೇಳನೇ ನಂಬರಿನ ಗುರುತುಗಳನ್ನು ಓದಿದೆ. ಕಪ್ಪು ಬಿಳುಪು ಬೆರೆತ ಮೈಲ ಬಣ್ಣ, ಎಂಟು ವರ್ಷ, ಬೆನ್ನಿನ ಮೇಲೆ ಬಾಲದ ಕಡೆಗೆ ಎರಡು ಬೆರಳಗಲದ ಎಡಸುಳಿ.

ಊರಿಗೆ ಊರೇ ಸುತ್ತ ನಿಂತಿತ್ತು. ಚನ್ನರಾಯಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಹೆಗಲ ಮೇಲಿದ್ದ ಟವಲು ತೆಗೆದು ಮೈಲನ ಬೆನ್ನಿನ ಎಣ್ಣೆ ಒರೆಸಿದ. ಅಷ್ಟು ವರ್ಷ ಮುಚ್ಚಿಟ್ಟಿದ್ದ ಕೂದಲನ್ನು ತಾನೇ ಬೆರಳಿನಿಂದ ಬಿಡಿಸಿದ.

“ಇಲ್ಲಿದೆ ನೋಡಿ ಸ್ವಾಮಿ, ಸುಳಿ. ಇವ್ನು ನಮ್ಮ ಮೈಲನೇ.”

ಡಾಕ್ಟರು ಬಗ್ಗಿ, ಬೆರಳಿಟ್ಟು ಅಳೆದು ನೋಡಿದರು. ಪುಸ್ತಕ ಇನ್ನೊಂದು ಸಲ ಓದಿಸಿದರು. ಕಾಗದಕ್ಕೆ ರುಜು ಹಾಕಿದರು.

ಹನ್ನೆರಡನೇ ದಿನ ಮೂವತ್ತಾರು ರೂಪಾಯಿ ಕೈಗೆ ಬಂತು. ಅಲ್ಲಿಯವರೆಗೆ ನಮ್ಮ ಎತ್ತನ್ನೇ ದಿನಕ್ಕೆರಡು ಗಂಟೆ ಅವರ ಕಪಿಲೆಗೆ ಕೊಟ್ಟೆ, ತೋಟ ಒಣಗಲಿಲ್ಲ. ಆ ದುಡ್ಡಿಗೆ ಕಡ್ಲೆಕಾಯಿ ಮಾರಿದ್ದು ಸೇರಿಸಿ ಬೇರೆ ಎತ್ತು ತಂದರು. ದುಡ್ಡಿನಿಂದ ಮೈಲ ವಾಪಸ್ಸು ಬರಲಿಲ್ಲ, ನಿಜ. ಮನೆ ಮಾತ್ರ ಉಳಿಯಿತು.

ಹೊಸ ಎತ್ತನ್ನು ಸಂಘಕ್ಕೆ ಬರೆಸುವ ದಿನ ಚನ್ನರಾಯಪ್ಪ ನಾನು ಕೇಳುವ ಮುಂಚೆಯೇ ಅದರ ಮೈಮೇಲಿನ ಸುಳಿ, ಗಾಯದ ಕಲೆ ಎಲ್ಲ ತೋರಿಸಿದ. ಮುಂದಿನ ಸಂಕ್ರಾಂತಿಗೆ ಅದರ ಎರಡು ಕೊಂಬೂ ಕೆಂಪಗೆ ಹೊಳೆಯುತ್ತಿದ್ದವು, ನಂಬರಿನ ಸುತ್ತ ನಾಲ್ಕು ಬೆರಳಗಲ ಬಿಟ್ಟು.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಎತ್ತನ್ನು ವಿಮೆಗೆ ಬರೆಸಿ. ಬರೆಸುವಾಗ ಕುಂದು ಇದ್ದರೆ ಅದನ್ನೂ ಹೇಳಿ. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಮೊದಲೇ ಕೇಳಿಕೊಳ್ಳಿ. ಕಾಯಿಲೆ ಕಂಡ ದಿನವೇ ಓಡಿ ಬನ್ನಿ, ನೋಡುವವರೆಗೂ ಹೂಳಬೇಡಿ. ಹಬ್ಬಕ್ಕೆ ಕೊಂಬಿಗೆ ಎಷ್ಟು ಬೇಕೋ ಅಷ್ಟು ಬಣ್ಣ ಬಳಿಯಿರಿ. ನಂಬರು ಮಾತ್ರ ಹೆರೆಸಬೇಡಿ. ನಾನು ಮನೆಮನೆಗೆ ಬಂದು ಹೇಳುವ ಮಾತು ಅದೇ.