ಮುಸುಕಿನ ಕೆಳಗಿನ ಪಾದ

ಮಲ್ಲಂದೂರು ರಸ್ತೆಯ ನಮ್ಮ ಪುಟ್ಟ ಚರ್ಚಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪೀಠ ಒರೆಸಿ, ಮೇಣದಬತ್ತಿ ಹಚ್ಚಿ, ಹೂದಾನಿ ತೊಳೆಯುವವಳು ನಾನು, ಸೆವ್ರಿನ್ ಬಾಯಿ. ಫಾದರ್‌ಗಳು ಬದಲಾಗುತ್ತಾರೆ, ನಾನು ಬದಲಾಗುವುದಿಲ್ಲ. ಯೇಸುವಿನ ಯಾತನೆ ನೆನೆಯುವ ತಪಸ್ಸು ಕಾಲದ ನಲವತ್ತು ದಿನ ಪೀಠದ ಮೇಲೆ ಒಂದು ಎಸಳು ಹೂವೂ ಇರಬಾರದು. ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಎರಡು ವಾರ ಮುಂಚೆ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆಯ ಮುಸುಕು ಬೀಳಬೇಕು. ಈ ವಿಷಯದಲ್ಲಿ ನನ್ನ ಹತ್ತಿರ ಯಾರ ಆಟವೂ ನಡೆಯುವುದಿಲ್ಲ.

ಗರಿಗಳ ಭಾನುವಾರದ ಮರುದಿನ ಬೆಳಿಗ್ಗೆ, ಪೂಜೆಗೆ ಇನ್ನೂ ಅರ್ಧ ಗಂಟೆ ಇರುವಾಗ, ಒಳಗೆ ಗುಡಿಸುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಿಮ್ಮಮ್ಮ ಬಂದರು. ಪಕ್ಕದ ಊರಿನವರು, ಎರಡೆಕರೆ ಕಾಫಿ ಇದೆ. ನಮ್ಮ ಮತದವರಲ್ಲ, ಆದರೆ ಮೇರಿಯಮ್ಮನಿಗೆ ಕೈ ಮುಗಿಯದೆ ಬಸ್ಸು ಹತ್ತಿದವರೂ ಅಲ್ಲ. ಹತ್ತು ದಿನದ ಹಿಂದೆ ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟಗಳೆಲ್ಲ ಆಗಷ್ಟೇ ಅರಳಿದ್ದವು. ಅವರ ಕೈಯಲ್ಲಿ ಮೊಳದುದ್ದದ ಕಾಫಿ ರೆಂಬೆ, ಗೆಣ್ಣು ಗೆಣ್ಣಿಗೂ ಬೆಳ್ಳನೆ ಹೂವು.

"ಅಯ್ಯೋ ದೇವರೇ, ಕಾಫಿ ಹೂವು ಯಾರಾದ್ರೂ ಮುರೀತಾರಾ!" ಎಂದೆ. ಹೂವೆಂದರೆ ನಮ್ಮ ಕಡೆ ಮುಂದಿನ ಬೆಳೆ, ಮಕ್ಕಳು ಮುಟ್ಟಿದರೂ ಕೈಗೆ ಏಟು ಬೀಳುತ್ತದೆ. "ತಲೆಗಿಲೆ ಕೆಟ್ಟಿದೆಯಾ ನಿಮಗೆ? ಅದೂ ತಪಸ್ಸು ಕಾಲದಲ್ಲಿ! ಹೊರಗಿಡಿ."

"ಹರಕೆ ಕಣ್ರೀ ಬಾಯಮ್ಮ. ಮುಖ ನೋಡಿ ಕೊಡ್ಬೇಕು," ಎನ್ನುತ್ತ ಅವರು ಮೇರಿಯಮ್ಮನ ಕಡೆ ತಿರುಗಿದರು. ಅಲ್ಲಿ ನೇರಳೆ ಬಟ್ಟೆ. "ಇದೇನಿದು! ನಾನು ಕಣ್ಣಿನ ಪೊರೆ ತೆಗೆಸ್ಕೊಂಡು ಬಂದ್ರೆ ನೀವು ಅಮ್ಮಂಗೆ ಮುಸುಕು ಹಾಕಿಟ್ಟಿದೀರಲ್ಲ!"

"ಅದು ನಮ್ಮ ಪದ್ಧತಿ. ಬರೋ ಭಾನುವಾರ ಪಾಸ್ಖ. ಅವತ್ತು ಬನ್ನಿ, ಹೂವೂ ಕೊಡಿ, ಮುಖಾನೂ ನೋಡಿ."

"ಭಾನುವಾರದ ತನಕ ಕಾಫಿ ಹೂವು ಇರುತ್ತಾ? ನಾಡಿದ್ದಿಗೆ ಬಾಡಿ ಕಂದಾಗುತ್ತೆ." ಒಂದು ಗಳಿಗೆ ನನ್ನನ್ನೇ ನೋಡಿದರು. "ಹೋಗ್ಲಿ ಬಿಡಿ. ನಿಮಗೆ ನೆನಪಿಲ್ಲ ಅನ್ಸುತ್ತೆ."

ರೆಂಬೆಯನ್ನು ಎದೆಗವಚಿಕೊಂಡು ಹೊರಟೇಬಿಟ್ಟರು. ನಾನು ಗುಡಿಸುವುದನ್ನು ಮುಂದುವರಿಸಿದೆ.

ಪೂಜೆಯಲ್ಲಿ ಫಾದರ್ ವಲೇರಿಯನ್ ಆ ದಿನದ ಶುಭಸಂದೇಶ ಓದಿದರು. ಬೆಥಾನಿಯ ಊರಿನಲ್ಲಿ ಮರಿಯಳೆಂಬ ಭಕ್ತೆ ಬೆಲೆಬಾಳುವ ಸುಗಂಧತೈಲ ತಂದು ಯೇಸುವಿನ ಪಾದಕ್ಕೆ ಹಚ್ಚಿ, ತನ್ನ ಕೂದಲಿನಿಂದ ಒರೆಸುತ್ತಾಳೆ. ಮನೆಯೆಲ್ಲ ಪರಿಮಳ. ಆಗ ಶಿಷ್ಯ ಯೂದ ಬಾಯಿ ಹಾಕುತ್ತಾನೆ, ಯಾಕೆ ಹೀಗೆ ದಂಡ ಮಾಡಿದ್ದು ಎಂದು. ಆಕೆಯ ತಂಟೆಗೆ ಹೋಗಬೇಡ ಎನ್ನುತ್ತಾರೆ ಯೇಸು. ಪ್ರತಿ ವರ್ಷ ಇದೇ ಸೋಮವಾರ ಇದೇ ಪಾಠ ಕೇಳಿ ಯೂದನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈಯುತ್ತಿದ್ದೆ. ಈ ವರ್ಷ ಅವನು ಬಾಯಿ ತೆರೆದರೆ ನನ್ನದೇ ದನಿ ಕೇಳಿತು.

ಆಗ ನೆನಪಾಯಿತು. ಕ್ರಿಸ್ಮಸ್ಸಿನಲ್ಲಿ ಗೋದಲಿಯ ಮುಂದೆ ತಿಮ್ಮಮ್ಮ ತಡಕಾಡುತ್ತ ಬಾಲಯೇಸುವಿನ ಕಾಲು ಮುಟ್ಟುತ್ತಿದ್ದರು. ಇರುವ ಮಂಜು ಬೆಳಕೂ ಹೋದರೆ ಎಂದು ಅವರಿಗೆ ಆಪರೇಷನ್ ಭಯ. "ಒಂದು ಹರಕೆ ಹೇಳ್ಕೊಂಡು ಹೋಗ್ರೀ, ಮೇರಿಯಮ್ಮ ನೋಡ್ಕೊಳ್ತಾಳೆ," ಎಂದು ಗದರಿದವಳು ನಾನೇ! "ಹೋದ ವರ್ಷ ವಾಸನೆ ಬಂತೇ ಹೊರತು ಹೂವು ಕಾಣ್ಲಿಲ್ಲ ಬಾಯಮ್ಮ. ಈ ಸಲ ಕಂಡ್ರೆ ಮೊದಲ ರೆಂಬೆ ಅಮ್ಮಂಗೆ," ಎಂದಿದ್ದರು ಅವರು. ಹರಕೆ ಹೇಳಿಸಿದ ಬಾಯಲ್ಲೇ ಹೊರಗಿಡಿ ಎಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಫಾದರ್ ಪ್ರಸಂಗ ಹೇಳುತ್ತಿರುವಾಗಲೇ ಎದ್ದು ಬಸ್ ಸ್ಟಾಪಿಗೆ ಓಡಿದೆ, ಅರವತ್ತೆಂಟರ ಮಂಡಿ ಎಷ್ಟು ಓಡೀತೋ ಅಷ್ಟು. ಬಸ್ಸು ಬಂದು ನಿಂತಿತ್ತು. ತಿಮ್ಮಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗಿತ್ತು. ಸೆರಗು ಹಿಡಿದು ಎಳೆದೆ.

"ತಪ್ಪಾಯ್ತು. ಬನ್ನಿ."

"ಮುಸುಕು ತೆಗೀತೀರಾ?"

"ಅದೊಂದು ಆಗಲ್ಲ. ಆದ್ರೂ ಬನ್ನಿ ಮಾರಾಯ್ರೆ!"

ಪೂಜೆ ಮುಗಿದು ಜನ ಹೋದ ಮೇಲೆ ಮುಸುಕಿನ ಕೆಳಗಿನ ಅಂಚನ್ನು ಒಂದು ಗೇಣು ಎತ್ತಿ ಹಿಡಿದೆ. "ಮುಖ ಭಾನುವಾರ. ಇವತ್ತು ಪಾದ ನೋಡಿ."

ತಿಮ್ಮಮ್ಮ ಬಗ್ಗಿದವರು ಬೆಚ್ಚಿ ಹಿಂದೆ ಸರಿದರು. "ಅಯ್ಯಮ್ಮಾ, ಹಾವು!"

"ಹೌದು, ಸೈತಾನನ ಹಾವು, ಅಮ್ಮ ತುಳಿದಿರೋದು."

"ಇಷ್ಟು ದಿನ ಮುಟ್ಟಿ ಮುಟ್ಟಿ ಬಳ್ಳಿ ಅಂದ್ಕೊಂಡಿದ್ನಲ್ಲ ನಾನು!" ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರು ಮತ್ತೆ ಬಗ್ಗಿದರು. "ಬೇಜಾರು ಮಾಡ್ಕೋಬೇಡಿ ಬಾಯಮ್ಮ, ಬೆರಳ ಸಂದೀಲಿ ಧೂಳಿದೆ."

ನನ್ನ ಚರ್ಚಿನಲ್ಲಿ ಧೂಳು! ಉತ್ತರ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಆ ಪಾದದ ಒಂದೊಂದೇ ಬೆರಳು ಒರೆಸತೊಡಗಿದ್ದರು. ಆಮೇಲೆ ರೆಂಬೆ ಇಟ್ಟು, "ಕಂಡೆ ತಾಯೀ, ಈ ವರ್ಷ ಹೂವು ಕಂಡೆ," ಎಂದರು. ನನಗೆ ಅಳು ಬಂತು.

ಹಿಂದಿನಿಂದ ಫಾದರ್ ಕೇಳಿದರು, "ಏನಿದು ಸೆವ್ರಿನ್ ಬಾಯಿ, ತಪಸ್ಸು ಕಾಲದಲ್ಲಿ ಹೂವಾ?"

"ಹೂವಲ್ಲ ಫಾದರ್, ಮುಂದಿನ ವರ್ಷದ ಕಾಫಿ."

ಅವರು ಉಸಿರೆಳೆದು ಚರ್ಚು ತುಂಬಿದ ಪರಿಮಳ ಕುಡಿದು, ನಗುತ್ತ ಹೋದರು.

ಆ ಪಾದವನ್ನು ಸಾವಿರ ಸಲ ಒರೆಸಿದ್ದೇನೆ, ನೋಡಿದ್ದು ಅವತ್ತೇ. ದೇವರೇ, ಅವರ ಕಣ್ಣಿಗೂ ನನ್ನ ಕಣ್ಣಿಗೂ ನಿನಗೆ ಸ್ತೋತ್ರ ಎಂದು ಮಂಡಿಯೂರಿದೆ. ಏಳಲಾಗದೆ ತಿಮ್ಮಮ್ಮನೇ ಕೈ ಕೊಡಬೇಕಾಯಿತು.