ಮಧ್ಯಾಹ್ನ ಹನ್ನೆರಡರವರೆಗಿನ ಮೌನ

ಆ ರಾಯಭಾರ ಕಚೇರಿಯಲ್ಲಿ ಇದ್ದವರು ಮೂರೇ ಜನ. ರಾಯಭಾರಿ, ಮೊದಲ ಕಾರ್ಯದರ್ಶಿ, ಮತ್ತು ಫೋನು, ಬೀಗದ ಕೈ, ಕಾಫಿ ಮೂರನ್ನೂ ನೋಡಿಕೊಳ್ಳುವ ಸ್ವಾಗತಕಾರ್ತಿ. ಎರಡು ತಿಂಗಳ ತರಬೇತಿಗೆಂದು ಕಾಲೇಜಿನಿಂದ ಬಂದ ಹುಡುಗಿಯನ್ನೂ ಸೇರಿಸಿದರೆ ಮೂರೂವರೆ ಎಂದು ಸ್ವಾಗತಕಾರ್ತಿ ಲೆಕ್ಕ ಹೇಳುತ್ತಿದ್ದಳು. ಹುಡುಗಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಅವಳು ಹುಡುಗಿಯನ್ನು ಪುಟ್ಟ ರಾಯಭಾರಿ ಎನ್ನುತ್ತಿದ್ದಳು.

ಅಂದು ದೊಡ್ಡ ರಾಯಭಾರಿ ವಿಮಾನದಲ್ಲಿದ್ದರು. ಕಚೇರಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅವರ ದೇಶವೂ ಸೇರಿ ಒಂದೇ ನದಿಯ ದಡದ ಐದು ದೇಶಗಳು ಎರಡು ವರ್ಷ ಜಗ್ಗಾಡಿ ಮಾಡಿಕೊಂಡ ಒಪ್ಪಂದದ ಕರಡು ‘ಮೌನ’ದಲ್ಲಿತ್ತು. ಅಂದರೆ, ಕರಡನ್ನು ಐವರಿಗೂ ಕಳಿಸಿ ಗಡುವು ಕೊಟ್ಟಾಗಿತ್ತು. ಗಡುವಿನೊಳಗೆ ಯಾರೂ ಆಕ್ಷೇಪ ಬರೆಯದಿದ್ದರೆ ಎಲ್ಲರೂ ಒಪ್ಪಿದಂತೆ. ಮತ ಹಾಕುವುದಿಲ್ಲ, ಕೈ ಎತ್ತುವುದಿಲ್ಲ, ಸುಮ್ಮನಿದ್ದರೆ ಮುಗಿಯಿತು. ಗಡುವು ಅಂದಿನ ಮಧ್ಯಾಹ್ನ ಹನ್ನೆರಡು.

“ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮಜ್ಜಿ ಹೇಳ್ತಿದ್ಲು,” ಎಂದಳು ಅಕ್ಕ, ಕಾಫಿ ಇಡುತ್ತ. “ಅಡುಗೆಮನೇಲಿ ಕೂತು ಹೇಳಿದ್ದು. ನೋಡು, ಎಲ್ಲಿಗೆ ಬಂದು ಮುಟ್ಟಿದೆ.”

ಹುಡುಗಿಯ ಕೆಲಸ ಕಂಪ್ಯೂಟರಿನಲ್ಲಿ ಅಂಚೆಪೆಟ್ಟಿಗೆ ಕಾಯುವುದು. ಯಾವುದಾದರೂ ದೇಶದ ಪತ್ರ ಬಂದರೆ ಓಡಿ ಹೋಗಿ ಮೊದಲ ಕಾರ್ಯದರ್ಶಿಗೆ ಹೇಳಬೇಕು. ಪತ್ರ ಬರಲಿಲ್ಲ. ಕೈ ಸುಮ್ಮನಿರದೆ ಅವಳು ಕರಡಿನ ಕೊನೆಯ ಪುಟವನ್ನು ಹಳೆಯ ಪ್ರತಿಯೊಂದಿಗೆ ತಾಳೆ ನೋಡಲು ಕೂತಳು. ಅದು ಅಮ್ಮನಿಂದ ಬಂದ ಚಟ. ಅಮ್ಮ ನ್ಯಾಯಾಲಯದಲ್ಲಿ ಟೈಪಿಸ್ಟ್. ಮನೆಯಲ್ಲಿ ದಿನಸಿ ಚೀಟಿಯನ್ನೂ ಒಬ್ಬರು ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು. “ಕಣ್ಣು ಜಾರುತ್ತೆ ಕಣೇ, ಬೆರಳು ಜಾರಲ್ಲ,” ಎಂಬುದು ಅಮ್ಮನ ಮಾತು.

ಕೊನೆಯ ಪುಟದಲ್ಲಿದ್ದುದು ಊರುಗಳ ಪಟ್ಟಿ. ಮೇಲಿನ ದೇಶ ಅಣೆಕಟ್ಟಿನ ಬಾಗಿಲು ತೆಗೆಯುವ ಮುನ್ನ ಕೆಳಗಿನ ಯಾವ ಯಾವ ಊರಿಗೆ ಸುದ್ದಿ ಮುಟ್ಟಿಸಬೇಕು ಎಂಬ ಪಟ್ಟಿ. ಹಳೆಯ ಪ್ರತಿಯಲ್ಲಿ ಹತ್ತೊಂಬತ್ತು ಊರು. ಹೊಸದರಲ್ಲಿ ಹದಿನೆಂಟು.

ಅವಳ ಬೆರಳು ಹದಿನೇಳರ ಮೇಲೆ ನಿಂತಿತು. ಆ ಜಾಗಕ್ಕೆ ಹದಿನೆಂಟನೆಯ ಊರು ಏರಿ ಕೂತಿತ್ತು.

ಆ ಪುಟವನ್ನು ಹೊಸದಾಗಿ ಟೈಪ್ ಮಾಡಿದವಳು ಅವಳೇ. ಹತ್ತು ದಿನದ ಹಿಂದೆ, ಸಾರ್, ಅಂದರೆ ಮೊದಲ ಕಾರ್ಯದರ್ಶಿ, ಕೊಟ್ಟ ಕೈಬರಹದ ಹಾಳೆ ನೋಡಿಕೊಂಡು. ನಡುವೆ ಒಮ್ಮೆ ಫೋನ್ ಬಂದು ಎದ್ದು ಹೋದದ್ದೂ ನೆನಪಾಯಿತು. ಆ ಹಾಳೆಯನ್ನು ಸಾರ್ ಅಂದೇ ವಾಪಸು ತೆಗೆದುಕೊಂಡಿದ್ದರು.

ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು.

“ಯಾಕೆ ಪುಟ್ಟ ರಾಯಭಾರಿ, ಮುಖ ಹಾಗಾಯ್ತು?” ಎಂದಳು ಅಕ್ಕ.

“ಏನಿಲ್ಲಕ್ಕ. ನಾನೇನು ಮಾಡಿದೆ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನು ಮುಖ ಅಂದೆ ಅಷ್ಟೆ.”

ಹುಡುಗಿ ನಕ್ಕಂತೆ ಮಾಡಿದಳು. ಸಾರ್ ವಾರದಿಂದ ಒಂದೇ ಮಾತು ಹೇಳುತ್ತಿದ್ದರು: ಮೇಲಿನ ದೇಶದವರು ನೆಪ ಹುಡುಕುತ್ತಿದ್ದಾರೆ, ಒಬ್ಬರು ಬಾಯಿ ತೆರೆದರೆ ಐವರೂ ತೆರೆಯುತ್ತಾರೆ, ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮ. ಈಗ ಬಾಯಿ ತೆರೆಯಬೇಕಾದವರು ತಾವೇ. ಕಾರಣ, ತರಬೇತಿಗೆ ಬಂದ ಒಬ್ಬಳ ಕಣ್ಣು ಜಾರಿದ್ದು. ಹೇಳಿದರೆ ಹದಿನೆಂಟು ಊರಿನ ಎಚ್ಚರಿಕೆಯೂ ಹೋಗಬಹುದು. ಹೇಳದಿದ್ದರೆ ಒಂದು ಊರಿಗೆ ಎಚ್ಚರಿಕೆಯೇ ಇಲ್ಲ. ಆ ಊರಿನ ಬಗ್ಗೆ ಕಡತದಲ್ಲಿ ಒಂದೇ ಸಾಲಿತ್ತು: ತಗ್ಗು ದಡ, ನಾನ್ನೂರು ಮನೆ, ದೋಣಿಕಟ್ಟೆಯ ಪಕ್ಕದಲ್ಲಿ ಶಾಲೆ.

ಇನ್ನೊಂದು ಯೋಚನೆಯೂ ಬಂತು. ಅದನ್ನು ಅವಳು ತನ್ನಿಂದಲೇ ಮುಚ್ಚಿಡಲು ನೋಡಿದಳು. ತರಬೇತಿ ಮುಗಿದಾಗ ಸಾರ್ ಒಂದು ಪತ್ರ ಬರೆದುಕೊಡಬೇಕಿತ್ತು. ಮುಂದಿನ ಓದಿಗೆ ಆ ಪತ್ರವೇ ಆಧಾರ.

ನಲವತ್ತು ನಿಮಿಷ ಹಾಗೆಯೇ ಕೂತಿದ್ದಳು. ಮೌನದ ನಿಯಮವನ್ನು ಅಷ್ಟು ಚೆನ್ನಾಗಿ ಪಾಲಿಸಿದವರು ಐದು ದೇಶದಲ್ಲಿ ಯಾರೂ ಇರಲಾರರು. ಹನ್ನೊಂದು ಇಪ್ಪತ್ತಕ್ಕೆ ಎರಡೂ ಹಾಳೆ ಹಿಡಿದು ಸಾರ್ ಕೋಣೆಯ ಬಾಗಿಲು ತಟ್ಟಿದಳು.

“ಸಾರ್, ನನ್ನಿಂದ ದೊಡ್ಡ ತಪ್ಪಾಗಿದೆ. ಹದಿನೇಳನೇದು ಬಿಟ್ಟುಹೋಗಿದೆ. ನಾನೇ ಬಿಟ್ಟಿದ್ದೀನಿ.”

ಮೊದಲ ಕಾರ್ಯದರ್ಶಿ ಹಾಳೆಗಳನ್ನು ನೋಡಲಿಲ್ಲ, ಅವಳನ್ನೇ ನೋಡಿದರು. ಎದ್ದು ಬಾಗಿಲು ಹಾಕಿದರು.

“ಕೂತ್ಕೊಳಮ್ಮ. ನೀನು ಬಿಟ್ಟಿಲ್ಲ. ನಾನು ಕೊಟ್ಟ ಹಾಳೇಲೇ ಅದು ಇರಲಿಲ್ಲ.”

“ಸಾರ್?”

“ಆ ಊರು ಯಾರದ್ದು ಅನ್ನೋದೇ ಮೇಲಿನ ದೇಶದೋರಿಗೂ ನಮಗೂ ಜಗಳ. ಪಟ್ಟಿಯಲ್ಲಿ ಹೆಸರು ಬಂದ್ರೆ ಅದು ನಮ್ಮ ದೇಶದ್ದು ಅಂತ ಅವರು ಒಪ್ಪಿದ ಹಾಗಾಗುತ್ತೆ ಅಂದ್ರು. ಅದೊಂದು ತೆಗೀರಿ, ಮಿಕ್ಕಿದ್ದಕ್ಕೆಲ್ಲ ಸುಮ್ಮನಿರ್ತೀವಿ ಅಂದ್ರು. ರಾಯಭಾರಿಗಳಿಗೆ ಗೊತ್ತು. ರಾಜಧಾನಿಗೂ ಗೊತ್ತು. ಇಲ್ಲಿ ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.”

ಹುಡುಗಿಗೆ ಮೊದಲು ಆದದ್ದು ಸಂತೋಷ. ಮೈಮೇಲಿಂದ ಬಂಡೆ ಇಳಿಸಿದ ಹಾಗೆ. ತನ್ನ ತಪ್ಪಲ್ಲ, ಪತ್ರ ಸಿಗುತ್ತದೆ. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಆ ಸಂತೋಷ ಇತ್ತು. ಆಮೇಲೆ ನಾಚಿಕೆಯಾಯಿತು. ತಪ್ಪು ತನ್ನದು ಎಂದಿದ್ದಾಗ ಆ ನಾನ್ನೂರು ಮನೆ ಕಣ್ಣೆದುರು ನಿಂತಿದ್ದವು. ತನ್ನದಲ್ಲ ಎಂದಾದ ಕೂಡಲೇ ಮರೆಯಾಗಿಬಿಟ್ಟಿದ್ದವು.

“ಹಾಗಾದ್ರೆ ಅವರಿಗೆ ಯಾರು ಹೇಳ್ತಾರೆ, ಸಾರ್?”

“ಯಾರಿಗೆ?”

“ಆ ಊರಿನೋರಿಗೆ. ಬಾಗಿಲು ತೆಗೆದಾಗ.”

ಸಾರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಹದಿನಾರನೇ ಊರಿಂದ ಹೇಗಾದ್ರೂ ಸುದ್ದಿ ಹೋಗುತ್ತೆ ಅಂದ್ಕೊಂಡಿದ್ದೀವಿ.”

“ಅಂದ್ಕೊಂಡಿದ್ದೀವಿ,” ಎಂದು ಅವಳೂ ಹೇಳಿದಳು. ಎದುರುತ್ತರ ಕೊಡಬೇಕೆಂದು ಹೇಳಿದ್ದಲ್ಲ, ಬೆರಳಿಟ್ಟು ತಾಳೆ ನೋಡುವವರು ಹೇಳುವಂತೆ ಹೇಳಿದ್ದಷ್ಟೆ.

ಇಬ್ಬರೂ ಗಡಿಯಾರ ನೋಡುತ್ತ ಕೂತರು. ಈಗಲೂ ಒಂದು ಸಾಲು ಬರೆದರೆ ಮೌನ ಮುರಿಯುತ್ತಿತ್ತು. ಸಾರ್ ಬರೆಯಲಿಲ್ಲ. ಬರೆಯಿರಿ ಎಂದು ಹೇಳುವಷ್ಟು ಧೈರ್ಯ ಅವಳಿಗೂ ಇರಲಿಲ್ಲ. ಬರೆಯುವುದೇ ಸರಿ ಎಂಬ ನಂಬಿಕೆಯೂ ಇರಲಿಲ್ಲ. ಹದಿನೆಂಟು ಊರಿನಲ್ಲಿಯೂ ಶಾಲೆಗಳಿದ್ದವು.

ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಪತ್ರ ಬಂತು: ಆಕ್ಷೇಪ ಬಂದಿಲ್ಲ, ಕರಡು ಅಂಗೀಕೃತ. ಆಚೆ ಅಕ್ಕ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

“ಇನ್ನು ನಾವು ಮಾತಾಡಬಹುದಲ್ವಾ ಸಾರ್?” ಎಂದಳು ಹುಡುಗಿ. “ಅವರ ಜೊತೆ ಅಲ್ಲ. ನಮ್ಮೋರ ಜೊತೆ. ನೀರಾವರಿ ಇಲಾಖೇಲಿ ಯಾರಾದ್ರೂ ಇರ್ತಾರಲ್ಲ, ಹದಿನಾರಕ್ಕೆ ಸುದ್ದಿ ಬಂದ ಕೂಡ್ಲೆ ಹದಿನೇಳಕ್ಕೆ ಫೋನ್ ಮಾಡೋಕೆ.”

“ಬರಹದಲ್ಲಿ ಕಳಿಸೋಕಾಗಲ್ಲಮ್ಮ. ನಾಳೆ ಆ ಕಾಗದ ಯಾರ ಕೈಗೆ ಬೀಳುತ್ತೋ. ಕಚೇರಿ ಹೆಸರಲ್ಲಂತೂ ಸಾಧ್ಯವೇ ಇಲ್ಲ.”

“ಬಾಯಲ್ಲಿ ಹೇಳಿದ್ರೆ?”

ಸಾರ್ ಡೈರಿ ತೆಗೆದು ನೀರಾವರಿ ಇಲಾಖೆಯ ಫೋನ್ ನಂಬರಿದ್ದ ಪುಟ ಬಿಡಿಸಿ ಅವಳ ಕಡೆ ತಿರುಗಿಸಿದರು. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. “ಊಟ ಮಾಡ್ಕೊಂಡು ಬರ್ತೀನಿ,” ಎಂದು ಕೋಟು ಹಾಕಿಕೊಂಡು ಹೊರಗೆ ಹೋದರು.

ಗುರುತಿಲ್ಲದವರಿಗೆ ಫೋನ್ ಮಾಡಬೇಕಾದರೆ ಹುಡುಗಿ ಮಾತನ್ನು ಮೊದಲು ಬರೆದಿಟ್ಟುಕೊಳ್ಳುತ್ತಿದ್ದಳು. ಅಂದು ಬರೆಯಲಿಲ್ಲ. ಆರನೆಯ ರಿಂಗಿಗೆ ಒಬ್ಬರು ಎತ್ತಿಕೊಂಡರು. ದನಿ ಕೇಳಿದರೆ ನಿವೃತ್ತಿಗೆ ಹತ್ತಿರವಿದ್ದ ಗುಮಾಸ್ತರಂತಿತ್ತು. ಅವಳು ವಿಷಯ ಹೇಳಿದಳು. ಅವರು ಇನ್ನೊಮ್ಮೆ ಹೇಳಿಸಿದರು.

“ಸರಿ ತಾಯಿ, ಫೋನ್ ತಾನೇ, ಮಾಡಬಹುದು. ಇದಕ್ಕೆ ಆದೇಶ ಬರುತ್ತಾ?”

“ಇಲ್ಲ ಸಾರ್.”

“ಮತ್ತೆ ನನ್ನ ಪುಸ್ತಕದಲ್ಲಿ ಯಾರು ಹೇಳಿದ್ರು ಅಂತ ಬರ್ಕೊಳ್ಳಲಿ? ನಾಳೆ ನಾನಿರಲ್ಲ. ನನ್ನ ಜಾಗಕ್ಕೆ ಬಂದೋನು ಕೇಳ್ತಾನೆ. ಹೆಸರಿಲ್ಲದ ಮಾತಿಗೆ ಯಾರು ಫೋನ್ ಎತ್ತುತ್ತಾರೆ?”

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು. ಸಾರ್ ಹೆಸರು ಹೇಳುವಂತಿರಲಿಲ್ಲ. ಕಚೇರಿಯ ಹೆಸರೂ ಹೇಳುವಂತಿರಲಿಲ್ಲ. ಬರೆದದ್ದನ್ನು ಎಂದಾದರೊಂದು ದಿನ ಯಾರಾದರೂ ಓದುತ್ತಾರೆಂಬುದು ಟೈಪಿಸ್ಟ್ ಅಮ್ಮನ ಮಗಳಿಗೆ ಗೊತ್ತಿತ್ತು.

ಅವಳು ತನ್ನ ಹೆಸರು ಹೇಳಿದಳು. ನಿಧಾನವಾಗಿ, ಅಪ್ಪನ ಹೆಸರಿನ ಸಮೇತ. ಆಚೆ ಕಡೆ ಲೇಖನಿ ಕಾಗದದ ಮೇಲೆ ಗೀಚುವ ಸದ್ದು ಕೇಳಿಸಿತು.

“ಹುದ್ದೆ?” ಎಂದರು ಗುಮಾಸ್ತರು.

“ವಿದ್ಯಾರ್ಥಿನಿ,” ಎಂದಳು.